ಪೊಲೀಸರ ಮೇಲೆ ದೂರು: ಠಾಣೆಯ ಕಾಗದವನ್ನೇ ಸಾಕ್ಷಿಯಾಗಿಸುವ ಸಮಗ್ರ ಮಾರ್ಗದರ್ಶಿ

ಠಾಣೆಯಲ್ಲಿ ಏಟು ತಿಂದವರು ದೂರು ಬರೆಯಲು ಕುಳಿತರೆ ಮೊದಲ ಎರಡು ಪುಟ ನೋವು, ಅವಮಾನ, ಸಿಟ್ಟಿನಲ್ಲೇ ತುಂಬಿಹೋಗುತ್ತದೆ. ಅದು ಸಹಜ. ಆದರೆ ದೂರು ಓದುವವರು ಹುಡುಕುವುದು ತಾರೀಕು, ಸಮಯ, ಹೆಸರು, ದಾಖಲೆಯ ಸಂಖ್ಯೆ. ಲಾಕಪ್ಪಿನೊಳಗೆ ನಡೆದದ್ದನ್ನು ನೋಡಿದವರು ಪೊಲೀಸರೇ, ಅವರು ನಿಮ್ಮ ಪರ ಹೇಳಿಕೆ ಕೊಡುವುದು ಅಪರೂಪ. ಅವರು ಬರೆದಿಟ್ಟ ಪುಸ್ತಕಗಳು ಮಾತ್ರ ಒಂದಕ್ಕೊಂದು ತಾಳೆಯಾಗದೆ ಗುಟ್ಟು ಬಿಟ್ಟುಕೊಡುತ್ತವೆ. ಬಂಧನ ಸಂಜೆ ಆರಕ್ಕೆ ಎಂದು ಮೆಮೊ ಹೇಳುತ್ತದೆ, ಜೀಪಿನ ಲಾಗ್ ಬುಕ್ ಬೆಳಿಗ್ಗೆ ಹತ್ತಕ್ಕೇ ನಿಮ್ಮ ಊರಿಗೆ ಹೋಗಿ ಬಂದದ್ದನ್ನು ತೋರಿಸುತ್ತದೆ. ದೂರು ಗೆಲ್ಲುವುದು ಇಂಥ ಕಡೆ. ಕರ್ನಾಟಕದಲ್ಲಿ ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತದೆ ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಪ್ರಾಧಿಕಾರದ ಕೈ ಎಲ್ಲಿಯವರೆಗೆ

ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನು ಕೊಟ್ಟಿತು. ಪೊಲೀಸ್ ದೂರು ಪ್ರಾಧಿಕಾರ ಅದರಲ್ಲಿ ಒಂದು. ಎಸ್‌ಪಿ ಮತ್ತು ಅದಕ್ಕಿಂತ ಮೇಲಿನವರ ಮೇಲಿನ ದೂರಿಗೆ ರಾಜ್ಯ ಪ್ರಾಧಿಕಾರ, ಡಿವೈಎಸ್‌ಪಿ ಮತ್ತು ಕೆಳಗಿನವರ ಮೇಲಿನ ದೂರಿಗೆ ಜಿಲ್ಲಾ ಪ್ರಾಧಿಕಾರ. ಕಮಿಷನರೇಟ್ ಇರುವ ನಗರಗಳಲ್ಲಿ ಎಸಿಪಿಯನ್ನು ಡಿವೈಎಸ್‌ಪಿಗೆ, ಡಿಸಿಪಿಯನ್ನು ಎಸ್‌ಪಿಗೆ ಸಮ ಎಂದು ಲೆಕ್ಕ ಹಾಕಿಕೊಳ್ಳಿ. ಕರ್ನಾಟಕ ಪೊಲೀಸ್ ಅಧಿನಿಯಮ 1963ಕ್ಕೆ 2012ರಲ್ಲಿ ತಿದ್ದುಪಡಿ ತಂದು ಕಲಂ 20ಸಿ ಮತ್ತು 20ಡಿ ಅಡಿ ಈ ಎರಡು ಹಂತಗಳನ್ನು ಸೇರಿಸಲಾಯಿತು.

ರಾಜ್ಯ ಪ್ರಾಧಿಕಾರ ಎಲ್ಲ ದೂರನ್ನೂ ತೆಗೆದುಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಗೆರೆಯಂತೆ ಅದು ನೋಡುವುದು ಗಂಭೀರ ದುರ್ನಡತೆಯನ್ನು: ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರದಂಥವು. ಜಿಲ್ಲಾ ಪ್ರಾಧಿಕಾರ ಇವುಗಳ ಜೊತೆಗೆ ಹಣ ಸುಲಿಗೆ, ಜಮೀನು ಅಥವಾ ಮನೆ ಕಬಳಿಕೆ, ಅಧಿಕಾರದ ಗಂಭೀರ ದುರ್ಬಳಕೆಯನ್ನೂ ವಿಚಾರಿಸಬಹುದು. ‘ಸಬ್ ಇನ್‌ಸ್ಪೆಕ್ಟರ್ ಏಕವಚನದಲ್ಲಿ ಮಾತಾಡಿದರು’ ಎಂಬ ಒಂದೇ ಅಂಶದ ದೂರು ಇಲ್ಲಿ ನಿಲ್ಲುವುದು ಕಷ್ಟ, ಅದನ್ನು ಎಸ್‌ಪಿ ಕಚೇರಿಗೆ ಕೊಡಿ. ಜಮೀನಿನ ಸಿವಿಲ್ ವ್ಯಾಜ್ಯದಲ್ಲಿ ಠಾಣೆಗೆ ಕರೆಸಿ, ರಾತ್ರಿಯವರೆಗೆ ಕೂರಿಸಿ, ಕರಾರಿಗೆ ಸಹಿ ಹಾಕಿಸಿಕೊಂಡಿದ್ದರೆ ಅದು ಜಿಲ್ಲಾ ಪ್ರಾಧಿಕಾರದ ವ್ಯಾಪ್ತಿಗೆ ಸರಿಯಾಗಿ ಬೀಳುವ ದೂರು. ಜನ ಅದನ್ನು ‘ಸೆಟಲ್‌ಮೆಂಟ್’ ಎಂದು ಕರೆದು ಸುಮ್ಮನಾಗುತ್ತಾರೆ.

ಪ್ರಾಧಿಕಾರ ನಿಮ್ಮ ಮೇಲಿರುವ ಎಫ್‌ಐಆರ್ ರದ್ದು ಮಾಡುವುದಿಲ್ಲ. ಅದಕ್ಕೆ ಹೈಕೋರ್ಟ್ ಇದೆ. ಜಾಮೀನು ಕೊಡುವುದಿಲ್ಲ. ತಾನೇ ಶಿಕ್ಷೆಯನ್ನೂ ವಿಧಿಸುವುದಿಲ್ಲ. ಇಲಾಖಾ ವಿಚಾರಣೆ ನಡೆಸಿ, ಕ್ರಿಮಿನಲ್ ಪ್ರಕರಣ ದಾಖಲಿಸಿ ಎಂದು ಶಿಫಾರಸು ಮಾಡುತ್ತದೆ, ಆ ಶಿಫಾರಸಿಗೆ ಸಂಬಂಧಪಟ್ಟವರು ಬದ್ಧರಾಗಿರಬೇಕೆಂದು 2006ರ ತೀರ್ಪು ಹೇಳಿದೆ. ಇಂಥ ಸಂಸ್ಥೆಯ ಸ್ವಾತಂತ್ರ್ಯವನ್ನು ಅಳೆಯುವ ಒಂದು ಸರಳ ಪ್ರಶ್ನೆ: ತನಿಖೆಗೆ ಅದಕ್ಕೆ ತನ್ನದೇ ಜನ ಇದ್ದಾರೆಯೇ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರ ಮೇಲಿನ ದೂರು ನೋಡುವ ಐಒಪಿಸಿ ಎಂಬ ಸಂಸ್ಥೆಗೆ ಸ್ವಂತ ತನಿಖಾಧಿಕಾರಿಗಳಿದ್ದಾರೆ. ನಮ್ಮಲ್ಲಿ ಬಹುಪಾಲು ವಿಚಾರಣೆ ‘ಎಸ್‌ಪಿ ವರದಿ ಕೊಡಲಿ’ ಎಂಬಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಸಾಕ್ಷ್ಯ ಕೂಡಿಸುವ ಹೊರೆ ದೂರುದಾರನ ಹೆಗಲ ಮೇಲೆ ಬೀಳುತ್ತದೆ. ಇದು ನ್ಯಾಯವಲ್ಲ, ಆದರೆ ಇದನ್ನು ತಿಳಿದೇ ಹೆಜ್ಜೆ ಇಡಬೇಕು.

ಹೆಜ್ಜೆ 1: ಕರೆದೊಯ್ದ ಮೊದಲ ಗಂಟೆಗಳು

ಮನೆಯವರು ಮಾಡಬೇಕಾದ ಮೊದಲ ಕೆಲಸ 112ಕ್ಕೆ ಕರೆ. ‘ಮಫ್ತಿಯಲ್ಲಿದ್ದ ನಾಲ್ವರು ಇಷ್ಟು ಹೊತ್ತಿಗೆ ಕರೆದುಕೊಂಡು ಹೋದರು, ಯಾವ ಠಾಣೆ ಎಂದು ಹೇಳಲಿಲ್ಲ’ ಎಂದು ಹೇಳಿ. ಅಲ್ಲಿಂದ ಸಹಾಯ ಬರಲಿ, ಬಿಡಲಿ, ಆ ಕರೆಯ ಹೊತ್ತು ದಾಖಲಾಗುತ್ತದೆ. ಮೆಮೊದಲ್ಲಿ ಬಂಧನದ ಸಮಯವನ್ನು ಮುಂದಕ್ಕೆ ತಳ್ಳಿದರೆ ಇದೇ ಅದನ್ನು ಹಿಡಿದು ನಿಲ್ಲಿಸುವ ಗೂಟ. ಕೂಡಲೇ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ನಾಲ್ಕು ಸಾಲಿನ ಈಮೇಲ್ ಕಳಿಸಿ. ವಾಟ್ಸಾಪ್ ಸಂದೇಶಕ್ಕಿಂತ ಈಮೇಲ್ ವಾಸಿ, ಅಳಿಸಿಹೋಗುವ ಭಯ ಕಡಿಮೆ.

ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 37ರ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಮಾಹಿತಿ ಇಟ್ಟಿರಬೇಕು. ‘ಆ ಅಧಿಕಾರಿ ಯಾರು?’ ಎಂದು ಹೆಸರು ಹಿಡಿದು ಕೇಳಿ. ಕಲಂ 48ರಂತೆ ಬಂಧನದ ವಿಷಯವನ್ನು ಬಂಧಿತ ಹೇಳಿದವರಿಗೆ ತಿಳಿಸಬೇಕು, ಕಲಂ 36ರಂತೆ ಬಂಧಿಸುವವರ ಹೆಸರು ಕಾಣುವಂತಿರಬೇಕು. ಬಂಧನ ಮೆಮೊಗೆ ಮನೆಯವರೊಬ್ಬರು ಅಥವಾ ಊರಿನ ಗಣ್ಯರೊಬ್ಬರು ಸಾಕ್ಷಿ ಸಹಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. ಖಾಲಿ ಹಾಳೆಗೆ ಸಹಿ ಕೇಳಿದರೆ ಕೊಡಬೇಡಿ. ಕೊಡಲೇಬೇಕಾದ ಸ್ಥಿತಿ ಬಂದರೆ ಸಹಿಯ ಪಕ್ಕದಲ್ಲೇ ತಾರೀಕು ಮತ್ತು ಸಮಯ ಬರೆಯಿರಿ. ಈ ಸಣ್ಣ ಅಭ್ಯಾಸ ಎಷ್ಟೋ ಸಲ ಠಾಣೆಯ ಕಥೆಯನ್ನು ಕೆಡವಿದೆ.

24 ಗಂಟೆಯ ಲೆಕ್ಕದಲ್ಲಿ ಗೊಂದಲ ಬೇಡ. ಸಂವಿಧಾನದ 22ನೇ ವಿಧಿ ಮತ್ತು ಬಿಎನ್‌ಎಸ್‌ಎಸ್ ಕಲಂ 58ರಂತೆ, ಪ್ರಯಾಣದ ಸಮಯ ಬಿಟ್ಟು, ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಗಡಿಯಾರ ಓಡುವುದು ನಿಜವಾಗಿ ತಡೆದಿಟ್ಟ ಕ್ಷಣದಿಂದ, ಮೆಮೊ ಬರೆದ ಕ್ಷಣದಿಂದ ಅಲ್ಲ. ‘ವಿಚಾರಣೆಗೆ ಕರೆಸಿದ್ದೆವು ಅಷ್ಟೆ’ ಎಂಬ ಉತ್ತರ ಬರುತ್ತದೆ. ಆಗ, ಹಾಜರಾಗಿ ಎಂದು ಕರೆಯುವ ಕಲಂ 35(3)ರ ನೋಟಿಸ್ ಕೊಟ್ಟಿದ್ದರೇ ಎಂದು ಕೇಳಿ. ಮಹಿಳೆಯರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಸಾಕ್ಷಿಯಾಗಿ ವಿಚಾರಿಸಬೇಕಿದ್ದರೆ ಕಲಂ 179ರಂತೆ ಅವರ ಮನೆಗೇ ಹೋಗಬೇಕು. ದಿನ ಕಳೆದರೂ ಎಲ್ಲಿದ್ದಾರೆ ಎಂದು ತಿಳಿಯದಿದ್ದರೆ ಪ್ರಾಧಿಕಾರಕ್ಕೆ ಅರ್ಜಿ ಬರೆಯುತ್ತಾ ಕೂರಬೇಡಿ. ಬೆಂಗಳೂರು, ಧಾರವಾಡ, ಕಲಬುರಗಿ ಹೈಕೋರ್ಟ್ ಪೀಠಗಳಲ್ಲಿ ನಿಮಗೆ ಸಂಬಂಧಿಸಿದ ಕಡೆ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಅರ್ಜಿ) ಹಾಕಿಸಿ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ನೆರವು ಸಹಾಯವಾಣಿ 15100. ಕಸ್ಟಡಿಯಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು.

ಹೆಜ್ಜೆ 2: ದೇಹವೇ ದಾಖಲೆ

ಎಲ್ಲಕ್ಕಿಂತ ಬೇಗ ಅಳಿಸಿಹೋಗುವ ಸಾಕ್ಷ್ಯ ಇದು. ಬಾಸುಂಡೆ ಮೊದಲು ಕೆಂಪಗೆ, ಆಮೇಲೆ ನೀಲಿ, ಹಸಿರು, ಹಳದಿಗೆ ತಿರುಗಿ ಎರಡು ವಾರದೊಳಗೆ ಮಾಯವಾಗಬಹುದು. ಬಣ್ಣ ನೋಡಿ ಗಾಯ ಎಷ್ಟು ಹಳೆಯದು ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಬಿಎನ್‌ಎಸ್‌ಎಸ್ ಕಲಂ 53ರಂತೆ ಬಂಧನವಾದ ಕೂಡಲೇ ಸರ್ಕಾರಿ ವೈದ್ಯರು ಪರೀಕ್ಷಿಸಬೇಕು, ಗಾಯಗಳನ್ನೂ ಅವು ಸುಮಾರು ಯಾವಾಗ ಆದವು ಎಂಬುದನ್ನೂ ಬರೆಯಬೇಕು, ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು. ವಾಸ್ತವದಲ್ಲಿ ಪಕ್ಕದಲ್ಲಿ ಕಾನ್‌ಸ್ಟೆಬಲ್ ನಿಂತಿರುತ್ತಾರೆ, ವೈದ್ಯರು ‘ಏನಾದರೂ ತೊಂದರೆ ಇದೆಯಾ?’ ಎನ್ನುತ್ತಾರೆ, ಬಂಧಿತ ತಲೆಯಾಡಿಸುತ್ತಾನೆ, ‘ಹೊರಗಾಯಗಳಿಲ್ಲ’ ಎಂದು ಬರೆದು ಮುಗಿಯುತ್ತದೆ. ಪೊಲೀಸರು ಹೊರಗೆ ನಿಲ್ಲಲಿ ಎಂದು ವೈದ್ಯರನ್ನು ಕೇಳಿ, ಅಂಗಿ ತೆಗೆದು ತೋರಿಸಿ.

ಬಿಡುಗಡೆಯಾಗಿ ಬಂದವರು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಕಾನೂನಿನ ಬಳಕೆಗೆ ಗಾಯಗಳನ್ನು ದಾಖಲಿಸುವ ಮೆಡಿಕೊ ಲೀಗಲ್ ಪ್ರಕರಣ) ಮಾಡಿಸಬೇಕು. ಖಾಸಗಿ ಕ್ಲಿನಿಕ್ಕಿನ ಚೀಟಿ ಚಿಕಿತ್ಸೆಗೆ ಆಗುತ್ತದೆ, ಸಾಕ್ಷ್ಯವಾಗಿ ಅದಕ್ಕೆ ತೂಕ ಕಡಿಮೆ. ‘ಯಾರು ಹೊಡೆದರು?’ ಎಂಬ ಪ್ರಶ್ನೆಗೆ ‘ಬಿದ್ದೆ’ ಎಂದರೆ ಅಲ್ಲಿಗೆ ಕಥೆ ಮುಗಿಯಿತು. ‘ಇಂಥ ಠಾಣೆಯಲ್ಲಿ, ಇಂಥ ದಿನ, ಪೊಲೀಸರು ಲಾಠಿಯಿಂದ’ ಎಂದು ಬರೆಸಿ. ಪ್ರತಿ ಗಾಯದ ಜಾಗ, ಉದ್ದಗಲ ಸೆಂಟಿಮೀಟರಿನಲ್ಲಿ, ಬಣ್ಣ, ಆಕಾರ ದಾಖಲಾಗಬೇಕು. ಲಾಠಿ ಏಟು ಎರಡು ಸಮಾನಾಂತರ ಗೆರೆಗಳ ಗುರುತು ಬಿಡುತ್ತದೆ, ಬಿದ್ದರೆ ಹಾಗಾಗುವುದಿಲ್ಲ. ಅಂಗಾಲಿಗೆ ಹೊಡೆದಿದ್ದರೆ ಹೊರಗೆ ಹೆಚ್ಚೇನೂ ಕಾಣದಿರಬಹುದು, ಅಂಗಾಲನ್ನು ಒತ್ತಿ ನೋಡುವಂತೆ ಬಾಯಿಬಿಟ್ಟು ಕೇಳಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ದೂರಿನ ಮಾತು ಆಮೇಲೆ, ಮೊದಲು ಆಸ್ಪತ್ರೆಗೆ ಓಡಿ. ಜಜ್ಜಿದ ಸ್ನಾಯುವಿನ ವಿಷ ಕಿಡ್ನಿಗೆ ಏರಿರಬಹುದು, ಅದು ಜೀವಕ್ಕೇ ಅಪಾಯ.

ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ. ಮೊದಲು ಮುಖ ಕಾಣುವಂತೆ ಇಡೀ ದೇಹ, ಆಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಗಾಯ. ಮೂರನೇ ದಿನ ಮತ್ತು ಐದನೇ ದಿನ ಮತ್ತೆ ತೆಗೆಯಿರಿ, ಕೆಲವು ಗಾಯ ತಡವಾಗಿ ಮೇಲೇಳುತ್ತವೆ. ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ದೃಢೀಕರಣ ಪತ್ರ (ಸರ್ಟಿಫಿಕೇಟ್) ಕೊಡುವಾಗ ಆ ಫೋನಿನ ವಿವರ ಬೇಕಾಗುತ್ತದೆ. ರಕ್ತ ಅಂಟಿದ ಬಟ್ಟೆಯನ್ನು ಒಗೆಯದೆ, ನೆರಳಿನಲ್ಲಿ ಒಣಗಿಸಿ, ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ.

ಹೆಜ್ಜೆ 3: ಮ್ಯಾಜಿಸ್ಟ್ರೇಟರ ಮುಂದೆ ಒಂದು ವಾಕ್ಯ

ರಿಮಾಂಡಿಗೆ ಹಾಜರುಪಡಿಸಿದಾಗ ‘ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?’ ಎಂದು ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ಇಲ್ಲ ಎಂದರೆ ‘ಪೊಲೀಸರ ಮೇಲೆ ದೂರಿಲ್ಲ’ ಎಂಬ ಸಾಲು ಆದೇಶ ಪತ್ರದಲ್ಲಿ ಕೂರುತ್ತದೆ, ಮುಂದೆ ಎರಡು ವರ್ಷ ಎಲ್ಲಿ ದೂರು ಕೊಟ್ಟರೂ ಪೊಲೀಸರ ವಕೀಲರು ಅದನ್ನೇ ಓದುತ್ತಾರೆ. ಭಯದಿಂದ ಇಲ್ಲ ಎಂದದ್ದನ್ನು ಆಮೇಲೆ ಸರಿಪಡಿಸುವುದು ಅಸಾಧ್ಯವಲ್ಲ, ಆದರೆ ತುಂಬ ದುಬಾರಿ. ಹೌದು ಎಂದು ಹೇಳಿ, ಗಾಯ ತೋರಿಸಿ, ವೈದ್ಯಕೀಯ ಪರೀಕ್ಷೆಗೆ ಆದೇಶ ಕೇಳಿ. ನ್ಯಾಯಾಂಗ ಬಂಧನಕ್ಕೆ ಹೋದರೆ ಜೈಲಿನ ಪ್ರವೇಶದ ವೇಳೆ ವೈದ್ಯರು ಮೈ ನೋಡಿ ಬರೆಯುತ್ತಾರೆ. ಜೈಲಿನವರು ತಮ್ಮ ತಲೆಗೆ ಬರಬಾರದೆಂದು ಹಳೆ ಗಾಯಗಳನ್ನು ಎಚ್ಚರದಿಂದಲೇ ಬರೆದಿಟ್ಟುಕೊಳ್ಳುವುದುಂಟು. ಆ ಪ್ರತಿಯನ್ನು ತಪ್ಪದೆ ಪಡೆಯಿರಿ.

ಹೆಜ್ಜೆ 4: ಸಿಸಿಟಿವಿ

2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಪ್ರವೇಶ ಮತ್ತು ನಿರ್ಗಮನ ದ್ವಾರ, ಲಾಕಪ್ಪು, ಕಾರಿಡಾರ್, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೊಠಡಿ, ಹಿಂಭಾಗ, ಶೌಚಾಲಯದ ಹೊರಗೆ, ಎಲ್ಲ ಕಡೆ ಧ್ವನಿಸಹಿತ ಕ್ಯಾಮೆರಾ ಇರಬೇಕೆಂದಿತು. ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು. ಅಂಥ ಉಪಕರಣ ಸಿಗದಿದ್ದಲ್ಲಿಯೂ ಒಂದು ವರ್ಷಕ್ಕೆ ಕಡಿಮೆಯಿಲ್ಲ.

ಕಾಗದದ ಮೇಲೆ 18 ತಿಂಗಳಿದ್ದರೂ ಒಂದು ವಾರದೊಳಗೆ ‘ದೃಶ್ಯ ಕಾಪಾಡಿ’ ಎಂಬ ಪತ್ರ ಠಾಣಾಧಿಕಾರಿಗೂ ಎಸ್‌ಪಿಗೂ ಹೋಗಬೇಕು. ಯಾವ ದಿನಾಂಕ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಯಾವ ಕ್ಯಾಮೆರಾ ಎಂದು ಬರೆಯಿರಿ. ‘ಎಲ್ಲ ದೃಶ್ಯ ಕೊಡಿ’ ಎಂದು ಕೇಳಿದರೆ ಯಾವುದೂ ಬರುವುದಿಲ್ಲ. ಅದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ತನಿಖೆ ನಡೆಯುತ್ತಿದೆ ಎಂದು ನಿರಾಕರಿಸುವ ಸಾಧ್ಯತೆಯೇ ಹೆಚ್ಚು, ಚಿಂತೆಯಿಲ್ಲ. ಅರ್ಜಿ ತಲುಪಿದ ಮೇಲೆ ದೃಶ್ಯ ಅಳಿದರೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರು ಎಂಬುದು ಗೊತ್ತಾದಂತಾಯಿತು.

‘ಆ ದಿನ ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದರೆ ಒಂದೇ ಪ್ರಶ್ನೆ ಸಾಕು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಕೂಡಲೇ ಜಿಲ್ಲಾ ಮೇಲ್ವಿಚಾರಣಾ ಸಮಿತಿಗೆ ವರದಿ ಮಾಡಬೇಕೆಂದು ಅದೇ ತೀರ್ಪಿನಲ್ಲಿದೆ. ಆ ವರದಿಯ ಪ್ರತಿ ಕೊಡಿ ಎನ್ನಿ. ವರದಿ ಇಲ್ಲದಿದ್ದರೆ ಕ್ಯಾಮೆರಾ ನಿಜವಾಗಿ ಕೆಟ್ಟಿತ್ತೇ ಎಂಬ ಅನುಮಾನವನ್ನು ದೂರಿನಲ್ಲಿ ದಾಖಲಿಸಿ. ಠಾಣೆಯ ಎದುರಿನ ಅಂಗಡಿ, ಬ್ಯಾಂಕು, ಬಸ್ ನಿಲ್ದಾಣದ ಕ್ಯಾಮೆರಾಗಳನ್ನು ಮರೆಯಬೇಡಿ. ಅವುಗಳಲ್ಲಿ ಹಲವು ಹದಿನೈದು ದಿನಕ್ಕೋ ತಿಂಗಳಿಗೋ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ.

ಹೆಜ್ಜೆ 5: ಯಾವ ಬಾಗಿಲು, ಯಾವ ಕ್ರಮದಲ್ಲಿ

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ ಅರ್ಜಿಗೆ ಹತ್ತು ‘ಪ್ರತಿ’ ಹಾಕಿ ಮುಖ್ಯಮಂತ್ರಿಯಿಂದ ರಾಷ್ಟ್ರಪತಿಯವರೆಗೆ ಕಳಿಸುವುದು. ಎಲ್ಲವೂ ಸುತ್ತಿ ಬಳಸಿ ಅದೇ ಎಸ್‌ಪಿ ಕಚೇರಿಯ ಟಪಾಲಿಗೆ ಬಂದು ಬೀಳುತ್ತವೆ.

ಕ್ರಿಮಿನಲ್ ದಾರಿಯನ್ನು ಮೊದಲು ತೆರೆಯಿರಿ, ಏಕೆಂದರೆ ಪ್ರಾಧಿಕಾರದ ಶಿಫಾರಸು ಬಂದರೂ ಕೊನೆಗೆ ತಲುಪಬೇಕಾದದ್ದು ಅಲ್ಲಿಗೇ. ತಪ್ಪೊಪ್ಪಿಸಲು ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 120ರಂತೆ ಅಪರಾಧ: ಸಾಮಾನ್ಯ ಗಾಯಕ್ಕೆ 7 ವರ್ಷದವರೆಗೆ, ತೀವ್ರ ಗಾಯಕ್ಕೆ 10 ವರ್ಷದವರೆಗೆ ಶಿಕ್ಷೆ. ಅಕ್ರಮವಾಗಿ ಕೂಡಿಹಾಕುವುದಕ್ಕೆ ಕಲಂ 127. ಠಾಣೆಯಲ್ಲಿ ದೂರು ತೆಗೆದುಕೊಳ್ಳುವುದಿಲ್ಲ ಎಂದೇ ಭಾವಿಸಿ, ಆದರೂ ಕೊಟ್ಟು ಸ್ವೀಕೃತಿ ಅಥವಾ ಹಿಂಬರಹ ಕೇಳಿ. ಕೊಡದಿದ್ದರೆ ಬಿಎನ್‌ಎಸ್‌ಎಸ್ ಕಲಂ 173(4)ರಂತೆ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಠಾಣೆಗೂ ಎಸ್‌ಪಿಗೂ ಹೋಗದೆ ನೇರ ಕೋರ್ಟಿಗೆ ಹೋದರೆ ಅರ್ಜಿ ತಿರಸ್ಕೃತವಾಗುತ್ತದೆ, ಆದ್ದರಿಂದ ಅಂಚೆ ರಸೀದಿಯೇ ಇಲ್ಲಿ ಟಿಕೆಟ್ಟು. ಸರ್ಕಾರಿ ನೌಕರನ ವಿರುದ್ಧವಾದ್ದರಿಂದ ಕಲಂ 175(4)ರಂತೆ ಮೇಲಧಿಕಾರಿಯ ವರದಿ ಮತ್ತು ಆ ಪೊಲೀಸರ ವಿವರಣೆ ಬಂದ ಮೇಲೆಯೇ ತನಿಖೆಗೆ ಆದೇಶವಾಗುತ್ತದೆ. ಒಂದೆರಡು ತಿಂಗಳು ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಎರಡು ಗಡುವುಗಳು ಬಹಳ ಜನರನ್ನು ಬೀಳಿಸುತ್ತವೆ. ಕರ್ನಾಟಕ ಪೊಲೀಸ್ ಅಧಿನಿಯಮದ ಕಲಂ 170: ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು, ಒಂದು ವರ್ಷದ ಕಾಲಮಿತಿಯೂ ಇದೆ. ಸುಪ್ರೀಂ ಕೋರ್ಟ್ 2020ರಲ್ಲಿ ದೇವರಾಜ ಪ್ರಕರಣದಲ್ಲಿ ಈ ರಕ್ಷಣೆಯ ಎಲ್ಲೆಯನ್ನು ಚರ್ಚಿಸಿದೆ. ಕೃತ್ಯಕ್ಕೂ ಕರ್ತವ್ಯಕ್ಕೂ ತರ್ಕಬದ್ಧ ನಂಟಿದ್ದರೆ ಮಾತ್ರ ರಕ್ಷಣೆ, ಎಲ್ಲಕ್ಕೂ ಅಲ್ಲ. ಬಿಎನ್‌ಎಸ್‌ಎಸ್ ಕಲಂ 218ರ ಅಡಿ ಅನುಮತಿ ಕೇಳಿದರೆ ಸರ್ಕಾರ 120 ದಿನದೊಳಗೆ ತೀರ್ಮಾನಿಸಬೇಕು, ಇಲ್ಲದಿದ್ದರೆ ಅನುಮತಿ ಕೊಟ್ಟಂತೆಯೇ. ಎರಡನೆಯ ಗಡುವು ಮಾನವ ಹಕ್ಕು ಆಯೋಗದ್ದು. 1993ರ ಮಾನವ ಹಕ್ಕು ಸಂರಕ್ಷಣಾ ಕಾಯ್ದೆಯ ಕಲಂ 36ರಂತೆ ಘಟನೆಯಾಗಿ ಒಂದು ವರ್ಷ ದಾಟಿದರೆ ರಾಷ್ಟ್ರೀಯ ಆಯೋಗವಾಗಲಿ ರಾಜ್ಯ ಆಯೋಗವಾಗಲಿ ವಿಚಾರಿಸುವಂತಿಲ್ಲ.

ಅದೇ ಕಲಂನಲ್ಲಿ ಇನ್ನೊಂದು ಗುಂಡಿ ಇದೆ. ರಾಜ್ಯ ಆಯೋಗದ ಮುಂದೆ ಅಥವಾ ಕಾನೂನಿನಂತೆ ರಚನೆಯಾದ ಬೇರೆ ಆಯೋಗದ ಮುಂದೆ ವಿಷಯ ಬಾಕಿ ಇದ್ದರೆ ರಾಷ್ಟ್ರೀಯ ಆಯೋಗ ಕೈ ಹಾಕುವುದಿಲ್ಲ. ಆದ್ದರಿಂದ ಎರಡು ಆಯೋಗಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಪರಿಹಾರ ಧನ ಮುಖ್ಯವಾದರೆ ಆಯೋಗ ಒಳ್ಳೆಯ ದಾರಿ, ಅಧಿಕಾರಿಯ ಮೇಲೆ ಶಿಸ್ತುಕ್ರಮ ಬೇಕಾದರೆ ಪ್ರಾಧಿಕಾರ. ಆಯೋಗದಲ್ಲಿ ಶುಲ್ಕವಿಲ್ಲ. ಲಂಚ ಕೇಳಿದ್ದರೆ ಲೋಕಾಯುಕ್ತ, ಮತ್ತು ಹಣ ಕೊಡುವ ಮೊದಲೇ ಹೋಗಬೇಕು. ಕೊಟ್ಟ ಮೇಲೆ ಹೋದರೆ ಟ್ರ್ಯಾಪ್‌ಗೆ, ಅಂದರೆ ಲಂಚ ಪಡೆಯುವಾಗಲೇ ಹಿಡಿಯುವುದಕ್ಕೆ, ಅವಕಾಶವೇ ಉಳಿಯುವುದಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯದ ದೂರನ್ನು ದಾಖಲಿಸದೆ ನಿರ್ಲಕ್ಷಿಸಿದ್ದರೆ 1989ರ ಕಾಯ್ದೆಯ ಕಲಂ 4 ಪ್ರತ್ಯೇಕವಾಗಿ ಅನ್ವಯಿಸುತ್ತದೆ.

ಹೆಜ್ಜೆ 6: ದೂರು ಬರೆಯುವುದು

ಮೂರು ಪುಟ ದಾಟಬಾರದು. ಅದಕ್ಕಿಂತ ಉದ್ದವಾದರೆ ಓದುವವರು ಕೊನೆಯ ‘ಕೋರಿಕೆ’ ಮಾತ್ರ ಓದುತ್ತಾರೆ. ಪ್ಯಾರಾಗಳಿಗೆ ಅಂಕಿ ಹಾಕಿ, ಒಂದು ಪ್ಯಾರಾದಲ್ಲಿ ಒಂದೇ ಸಂಗತಿ ಇರಲಿ, ಪ್ರತಿಯೊಂದರ ಕೊನೆಗೆ ಅದನ್ನು ಸಾಬೀತು ಮಾಡುವ ದಾಖಲೆಯ ಸಂಖ್ಯೆ ಬರಲಿ. ಮಾದರಿ ಹೀಗೆ:

‘3. ದಿನಾಂಕ ___ ರಂದು ಬೆಳಿಗ್ಗೆ 10.15ಕ್ಕೆ ಮಫ್ತಿಯಲ್ಲಿದ್ದ ನಾಲ್ವರು ನನ್ನನ್ನು ಮನೆಯಿಂದ ಜೀಪಿನಲ್ಲಿ ಕರೆದೊಯ್ದರು. 10.40ಕ್ಕೆ ನನ್ನ ಪತ್ನಿ 112ಕ್ಕೆ ಕರೆ ಮಾಡಿದ್ದಾರೆ (ಅನುಬಂಧ 1). ಬಂಧನ ಮೆಮೊದಲ್ಲಿ ಸಮಯ ಸಂಜೆ 6.00 ಎಂದಿದೆ (ಅನುಬಂಧ 2). ನಡುವಿನ 7 ಗಂಟೆ 45 ನಿಮಿಷ ನಾನು ಎಲ್ಲಿದ್ದೆ ಎಂಬುದಕ್ಕೆ ಆ ದಿನದ ಠಾಣಾ ದಿನಚರಿ, ಪಹರೆ ಪುಸ್ತಕ ಮತ್ತು ಜೀಪಿನ ಲಾಗ್ ಬುಕ್ ತರಿಸಿ ನೋಡಬೇಕೆಂದು ಕೋರುತ್ತೇನೆ.’

ಈ ಪ್ಯಾರಾದಲ್ಲಿ ‘ಅಮಾನುಷ’, ‘ರಾಕ್ಷಸ’ ಎಂಬ ಒಂದೂ ಪದವಿಲ್ಲ, ಆದರೂ ಅದಕ್ಕೆ ಉತ್ತರ ಕೊಡುವುದು ಠಾಣೆಗೆ ಸುಲಭವಲ್ಲ.

ಹೆಸರು ಗೊತ್ತಿಲ್ಲದ ಪೊಲೀಸರನ್ನು ಊಹಿಸಿ ಹೆಸರಿಸಬೇಡಿ. ರಜೆಯಲ್ಲಿದ್ದವರ ಹೆಸರು ಸೇರಿಬಿಟ್ಟರೆ ಇಡೀ ದೂರು ಸುಳ್ಳು ಎಂಬ ಬಣ್ಣ ಬರುತ್ತದೆ. ‘ಸುಮಾರು 40 ವಯಸ್ಸು, ಎಡ ಹುಬ್ಬಿನ ಮೇಲೆ ಮಚ್ಚೆ, ಇತರರು ಸಾಹೇಬ್ರೆ ಎಂದು ಕರೆಯುತ್ತಿದ್ದರು’ ಎಂದು ಬರೆದು, ಆ ದಿನದ ಕರ್ತವ್ಯ ಹಂಚಿಕೆ ಪುಸ್ತಕ ತರಿಸಲು ಕೋರಿ. ಉತ್ಪ್ರೇಕ್ಷೆಯೂ ಇಷ್ಟೇ ಅಪಾಯ. ಮೂರು ಏಟು ಬಿದ್ದಿದ್ದರೆ ಮೂರು ಎನ್ನಿ. ಮೂವತ್ತು ಎಂದು ಬರೆದು ಎಂಎಲ್‌ಸಿಯಲ್ಲಿ ಮೂರು ಗಾಯ ಕಂಡರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ.

ನಿಮ್ಮ ಮೇಲೆ ಪ್ರಕರಣ ಇದ್ದರೆ ಅದನ್ನೂ, ಬೇರೆಲ್ಲಿ ದೂರು ಕೊಟ್ಟಿದ್ದೀರೋ ಅದನ್ನೂ ನೀವೇ ಹೇಳಿ. ಅವರು ಹೇಳುವಂತಾಗಬಾರದು. ಕೊನೆಯಲ್ಲಿ ಕೋರಿಕೆಗಳನ್ನು ಬಿಡಿಸಿ ಬರೆಯಿರಿ: ಇಂತಿಂಥ ದಾಖಲೆ ತರಿಸುವುದು, ದೃಶ್ಯ ವಶಪಡಿಸಿಕೊಳ್ಳುವುದು, ಇಲಾಖಾ ವಿಚಾರಣೆಗೂ ಎಫ್‌ಐಆರ್‌ಗೂ ಶಿಫಾರಸು, ವಿಚಾರಣೆ ಮುಗಿಯುವವರೆಗೆ ಆ ಅಧಿಕಾರಿ ಸಾಕ್ಷಿಗಳನ್ನು ಸಂಪರ್ಕಿಸದಂತೆ ನಿರ್ದೇಶನ. ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ. ಅದಿಲ್ಲದ ದೂರು ಪರಿಶೀಲನೆಯ ಹಂತದಲ್ಲೇ ಹಿಂದಕ್ಕೆ ಬರುವ ಸಂಭವವಿದೆ. ಮೂಲ ದಾಖಲೆಗಳನ್ನು ಕೊಡಬೇಡಿ, ಸಹಿ ಮಾಡಿದ ಪ್ರತಿ ಸಾಕು. ಖುದ್ದು ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿ, ಅಂಚೆಯಾದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ತಲುಪಿದ ವಿವರದ ಮುದ್ರಿತ ಪ್ರತಿ ಇಟ್ಟುಕೊಳ್ಳಿ.

ಜಿಲ್ಲಾ ಪ್ರಾಧಿಕಾರಕ್ಕೆ ಕೊಡುವ ಮೊದಲು ಅಲ್ಲಿ ಈಗ ಯಾರು ಕುಳಿತಿದ್ದಾರೆ ಎಂದು ವಿಚಾರಿಸಿ. ದೂರಿನಲ್ಲಿರುವವರ ನೇರ ಮೇಲಧಿಕಾರಿಯೇ ಅಲ್ಲಿದ್ದರೆ ಅವರು ಈ ವಿಚಾರಣೆಯಿಂದ ಹಿಂದೆ ಸರಿಯಬೇಕೆಂದು ದೂರಿನ ಜೊತೆಗೇ ಪ್ರತ್ಯೇಕ ಅರ್ಜಿ ಇಡಿ. ತೀರ್ಪು ಬಂದ ಮೇಲೆ ಈ ತಕರಾರು ಎತ್ತಿದರೆ ಸೋತವನ ಮಾತು ಎನಿಸಿಕೊಳ್ಳುತ್ತದೆ. ಒಂದೇ ಘಟನೆಯಲ್ಲಿ ಎಸ್‌ಪಿಯೂ ಕೆಳಗಿನವರೂ ಇದ್ದರೆ ಎಲ್ಲರನ್ನೂ ಸೇರಿಸಿ ರಾಜ್ಯ ಪ್ರಾಧಿಕಾರಕ್ಕೇ ಹೋಗಿ. ಎರಡು ಕಡೆ ಹಂಚಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾ ಕಾಲ ಕಳೆಯುತ್ತಾರೆ.

ಹೆಜ್ಜೆ 7: ವರದಿ ಬಂದ ಮೇಲೆ

ದೂರಿಗೆ ಸಂಖ್ಯೆ ಬಿದ್ದ ಮೇಲೆ ಪ್ರಾಧಿಕಾರ ಪೊಲೀಸರಿಂದ ವರದಿ ಕೇಳುತ್ತದೆ. ಬರುವ ವರದಿ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತದೆ: ದೂರುದಾರ ಆರೋಪಿ, ಬಂಧನದ ವೇಳೆ ತಪ್ಪಿಸಿಕೊಳ್ಳಲು ಹೋಗಿ ಬಿದ್ದು ಗಾಯ ಮಾಡಿಕೊಂಡ, ಕರ್ತವ್ಯಕ್ಕೆ ಅಡ್ಡಿಪಡಿಸಿದ, ತನಿಖೆಯ ದಿಕ್ಕು ತಪ್ಪಿಸಲು ಈ ದೂರು. ವರದಿಯ ಪ್ರತಿ ಕೇಳಿ ಪಡೆದು, ಪ್ಯಾರಾ ಪ್ಯಾರಾಗಳಿಗೆ ಲಿಖಿತ ಆಕ್ಷೇಪಣೆ ಹಾಕಿ. ಬಹಳ ಜನ ಇಲ್ಲಿ ಸುಮ್ಮನಾಗುತ್ತಾರೆ, ಫೈಲು ‘ದೂರುದಾರರು ಪ್ರತಿಕ್ರಿಯಿಸಿಲ್ಲ’ ಎಂದು ಮುಚ್ಚಿಹೋಗುತ್ತದೆ. ‘ಬಿದ್ದು ಗಾಯ’ ಎಂದಿದ್ದರೆ ಆ ಮಾತು ಬಂಧನ ಮೆಮೊದಲ್ಲಿ, ರಿಮಾಂಡ್ ಅರ್ಜಿಯಲ್ಲಿ, ವೈದ್ಯರಿಗೆ ಕೊಟ್ಟ ಮನವಿಯಲ್ಲಿ ಇದೆಯೇ ನೋಡಿ. ನಿಜವಾಗಿ ಬಿದ್ದಿದ್ದರೆ ಮೊದಲ ದಿನವೇ ಬರೆದಿರುತ್ತಿದ್ದರು. ಬೆನ್ನಿನ ಮೇಲಿನ ಆರು ಗೆರೆಗಳು ಒಂದು ಸಲ ಬಿದ್ದು ಬರುವಂಥವಲ್ಲ ಎಂಬುದನ್ನು ವೈದ್ಯರ ಬಾಯಿಂದಲೇ ಹೇಳಿಸಲು, ಅವರನ್ನು ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕಿ.

ಪ್ರತಿದೂರು ಬರುವುದು ಮಾಮೂಲು. ಕರ್ತವ್ಯಕ್ಕೆ ಅಡ್ಡಿ ಎಂಬ ಪ್ರಕರಣ, ರೌಡಿ ಪಟ್ಟಿಗೆ ಸೇರಿಸುವ ಬೆದರಿಕೆ, ರಾಜಿಗೆ ಊರಿನ ಹಿರಿಯರು. ಪ್ರತಿ ಭೇಟಿ, ಪ್ರತಿ ಫೋನನ್ನು ತಾರೀಕಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಬೆದರಿಕೆಯಾದ ದಿನವೇ ಪ್ರಾಧಿಕಾರಕ್ಕೆ ಈಮೇಲ್ ಮಾಡಿ. ರಾಜಿಯ ಹಾಳೆಗೆ ಸಹಿ ಮಾಡಿದರೆ ದೂರು ಅಲ್ಲಿಗೆ ತೀರಿತೆಂದೇ ಹಲವರು ಭಾವಿಸುತ್ತಾರೆ. ಒತ್ತಡದಿಂದ ಮಾಡಿದ್ದಾದರೆ ಒಂದೆರಡು ದಿನದೊಳಗೆ ಲಿಖಿತವಾಗಿ ತಿಳಿಸಿದರೆ ಅದನ್ನು ಪರಿಗಣಿಸುವ ಅವಕಾಶ ಇನ್ನೂ ಇರುತ್ತದೆ.

ಅಮಾನತು ಶಿಕ್ಷೆಯಲ್ಲ, ವರ್ಗಾವಣೆಯಂತೂ ಅಲ್ಲವೇ ಅಲ್ಲ. ಪ್ರಾಧಿಕಾರ ಶಿಫಾರಸು ಮಾಡಿದ ಮೇಲೆ ಮೂರು ತಿಂಗಳಿಗೊಮ್ಮೆ ಮಾಹಿತಿ ಹಕ್ಕಿನಡಿ ಕೇಳುತ್ತಿರಿ: ಇಲಾಖಾ ವಿಚಾರಣೆಗೆ ಆರೋಪ ಪಟ್ಟಿ ಕೊಟ್ಟರೇ, ವಿಚಾರಣಾಧಿಕಾರಿ ಯಾರು, ಹಂತ ಯಾವುದು. ಇಲಾಖಾ ವಿಚಾರಣೆಯಲ್ಲಿ ಸಂಭವನೀಯತೆಯ ತೂಕ ನೋಡುತ್ತಾರೆ, ಕೋರ್ಟಿನಲ್ಲಿ ಸಂಶಯಾತೀತ ಪುರಾವೆ ಬೇಕು. ಹಾಗಾಗಿ ಕೋರ್ಟಿನಲ್ಲಿ ಖುಲಾಸೆಯಾದ ಮಾತ್ರಕ್ಕೆ ಇಲಾಖಾ ಕ್ರಮ ತಾನಾಗಿ ಬೀಳುವುದಿಲ್ಲ. ಪೊಲೀಸರು ತಮ್ಮವರ ಮೇಲಿನ ಪ್ರಕರಣಕ್ಕೆ ಬಿ ರಿಪೋರ್ಟ್ (ಆರೋಪಕ್ಕೆ ಪುರಾವೆ ಇಲ್ಲ, ಪ್ರಕರಣ ಮುಚ್ಚಿ ಎಂಬ ವರದಿ) ಹಾಕಿದರೆ ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಅರ್ಜಿ ಸಲ್ಲಿಸುವ ಹಕ್ಕು ದೂರುದಾರನಿಗಿದೆ. ನೋಟಿಸ್ ಬಂದ ದಿನ ಕೋರ್ಟಿಗೆ ತಪ್ಪಿಸಿಕೊಂಡರೆ ಅದೂ ಕೈತಪ್ಪಬಹುದು.

ಕಸ್ಟಡಿ ಸಾವಾದಾಗ

ಇದರ ಕ್ರಮವೇ ಬೇರೆ. ಬಿಎನ್‌ಎಸ್‌ಎಸ್ ಕಲಂ 196ರಂತೆ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕು, ಸಾಧ್ಯವಿದ್ದಲ್ಲೆಲ್ಲ ಮೃತರ ಸಂಬಂಧಿಕರಿಗೆ ತಿಳಿಸಿ ಹಾಜರಿರಲು ಬಿಡಬೇಕು. ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ 24 ಗಂಟೆಯೊಳಗೆ ವರದಿ ಹೋಗಬೇಕು, ಮರಣೋತ್ತರ ಪರೀಕ್ಷೆಯ ವಿಡಿಯೊ ಚಿತ್ರೀಕರಣ ಆಗಬೇಕು. ಶವ ಪಡೆಯುವ ಮೊದಲು ಮ್ಯಾಜಿಸ್ಟ್ರೇಟರಿಗೆ ಒಂದು ಲಿಖಿತ ಅರ್ಜಿ ಕೊಡಿ: ಚಿತ್ರೀಕರಣದ ಪ್ರತಿ, ಅಂಗಾಲು ಮತ್ತು ಬೆನ್ನಿನ ಚರ್ಮದಡಿಯ ಪರೀಕ್ಷೆ, ಸಂಬಂಧಿಕರ ಹೇಳಿಕೆ. ಅಂತ್ಯಕ್ರಿಯೆ ಬೇಗ ಮುಗಿಸಿ ಎಂಬ ಒತ್ತಾಯ ಎಲ್ಲ ಕಡೆಯಿಂದ ಬರುತ್ತದೆ. ಎರಡನೇ ಮರಣೋತ್ತರ ಪರೀಕ್ಷೆ ಬೇಕಾಗಬಹುದು ಎಂಬ ಸಂಶಯ ಒಂದಿಷ್ಟಿದ್ದರೂ ದಹನಕ್ಕೆ ಒಪ್ಪದೆ ಹೂಳಿ. ಹಣದ ಪರಿಹಾರಕ್ಕೆ ಹೈಕೋರ್ಟಿಗೆ ರಿಟ್ ಹಾಕಬಹುದು. ನೀಲಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಮಗನನ್ನು ಕಸ್ಟಡಿಯಲ್ಲಿ ಕಳೆದುಕೊಂಡ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತ್ತು. ಕ್ರಿಮಿನಲ್ ಪ್ರಕರಣ ಮುಗಿಯುವವರೆಗೆ ಇದಕ್ಕಾಗಿ ಕಾಯಬೇಕಿಲ್ಲ.